ನೋತ್ರ್ ದಾಮ್‌ನಲ್ಲಿ 37 ವರ್ಷ, ಕನ್ಸರ್ವೇಟರಿಯಲ್ಲಿ ಮಾತ್ರ ಕುರ್ಚಿ ಇಲ್ಲ: ಲೂಯಿ ವಿಯೆರ್ನ್

ಗಾಂಧಾರ

ಪಾಶ್ಚಾತ್ಯ ಸಂಗೀತ ಅಂದರೆ ಇಲ್ಲಿ ಬಾಖ್, ಬೀಥೋವನ್ ಬಿಟ್ಟು ಮಾತು ಮುಂದಕ್ಕೆ ಹೋಗುವುದೇ ಅಪರೂಪ. ಅದಕ್ಕೇ ಈ ಹೆಸರು ತೆಗೆಯುತ್ತಿದ್ದೇನೆ. ಲೂಯಿ ವಿಯೆರ್ನ್, 1870ರ ಅಕ್ಟೋಬರ್ 8ರಂದು ಫ್ರಾನ್ಸಿನ ಪ್ವಾತಿಯೆಯಲ್ಲಿ ಹುಟ್ಟಿದವರು. ಹುಟ್ಟುವಾಗಲೇ ಎರಡೂ ಕಣ್ಣಿಗೆ ಪೊರೆ. ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಾಗಿ ಒಂದಿಷ್ಟು ದೃಷ್ಟಿ ಬಂತು, ಆದರೆ ದೊಡ್ಡ ಅಕ್ಷರವನ್ನು ಮೂಗಿಗೆ ತಾಗಿಸಿಕೊಂಡರೆ ಓದಬಹುದು ಅನ್ನುವಷ್ಟೇ. ಪ್ಯಾರಿಸ್ಸಿನ ಅಂಧ ಮಕ್ಕಳ ರಾಷ್ಟ್ರೀಯ ಶಾಲೆಯಲ್ಲಿ ಓದು. ಆಮೇಲೆ ಪ್ಯಾರಿಸ್ ಕನ್ಸರ್ವೇಟರಿ, ಅಂದರೆ ಅಲ್ಲಿನ ಸರ್ಕಾರಿ ಸಂಗೀತ ಕಾಲೇಜು. 1892ರಲ್ಲಿ ಸೆಂ-ಸುಲ್ಪೀಸ್ ಚರ್ಚಿನಲ್ಲಿ ಗುರು ವಿದೋರ್ ಅವರಿಗೆ ಸಹಾಯಕ, 1894ರಲ್ಲಿ ಆರ್ಗನ್‌ನಲ್ಲಿ (ಕೊಳವೆಗಳಿಗೆ ಗಾಳಿ ಹಾಯಿಸಿ ನುಡಿಸುವ ಚರ್ಚಿನ ದೊಡ್ಡ ಕೀಲಿವಾದ್ಯ) ಮೊದಲ ಬಹುಮಾನ, 1900ರ ಮೇ 21ರಂದು ನೋತ್ರ್ ದಾಮ್ ಕೆಥೆಡ್ರಲ್‌ನ ಮುಖ್ಯ ಆರ್ಗನಿಸ್ಟ್. ಅಲ್ಲಿಂದ ಸಾಯುವವರೆಗೆ, ಅಂದರೆ 1937ರವರೆಗೆ, ಅದೇ ಆಸನ.

ನನ್ನ ಪ್ರಶ್ನೆ ಅವರ ಕೃತಿಗಳ ಬಗ್ಗೆ ಅಲ್ಲ, ಪಾಠದ ಬಗ್ಗೆ. 1894ರಿಂದ 1911ರವರೆಗೆ ಹದಿನೇಳು ವರ್ಷ ಕನ್ಸರ್ವೇಟರಿಯ ಆರ್ಗನ್ ತರಗತಿಯಲ್ಲಿ ಸಹಾಯಕರಾಗಿ ಪಾಠ ಹೇಳಿದವರು ಇವರು. ಮೊದಲು ವಿದೋರ್ ಕೈಕೆಳಗೆ, 1896ರಲ್ಲಿ ವಿದೋರ್ ಸಂಯೋಜನೆಯ ತರಗತಿಗೆ ಹೋದ ಮೇಲೆ ಗಿಲ್ಮಾಂ ಕೈಕೆಳಗೆ. 1911ರ ಮಾರ್ಚ್‌ನಲ್ಲಿ ಗಿಲ್ಮಾಂ ತೀರಿಕೊಂಡರು. ಎಲ್ಲರೂ ವಿಯೆರ್ನ್ ಹೆಸರನ್ನೇ ನಿರೀಕ್ಷಿಸಿದ್ದರು. ಹುದ್ದೆ ಹೋದದ್ದು ಅರವತ್ತೇಳು ವರ್ಷದ ಯುಜೀನ್ ಜಿಗೂಗೆ. 1925ರಲ್ಲಿ ಜಿಗೂ ತೀರಿಕೊಂಡಾಗ ಇನ್ನೊಮ್ಮೆ ಬಾಗಿಲು ತೆರೆಯಿತು. ಆಗ ಕೂತವರು ಮಾರ್ಸೆಲ್ ದ್ಯುಪ್ರೇ, ವಿಯೆರ್ನ್ ಅವರ ಸ್ವಂತ ಶಿಷ್ಯ. ಇಷ್ಟು ಪಾಠ ಹೇಳಿದ ಮನುಷ್ಯನನ್ನು ಸಂಸ್ಥೆ ಎರಡೆರಡು ಸಲ ದಾಟಿಕೊಂಡು ಹೋದದ್ದು ಯಾಕೆ?

ಸಂಶಯಾತ್ಮ

ಮೇಡಂ, ಇದರಲ್ಲಿ ಯಾಕೆ ಅನ್ನೋದಕ್ಕೆ ಏನಿದೆ? ಕಣ್ಣು ಕಾಣಿಸದವರಿಗೆ ಸರ್ಕಾರಿ ಸಂಸ್ಥೆಯ ದೊಡ್ಡ ಹುದ್ದೆ ಕೊಡೋಕೆ ಹಿಂದೆಮುಂದೆ ನೋಡಿರ್ತಾರೆ. ಆ ಕಾಲ ಹಾಗಿತ್ತು.

ಗಾಂಧಾರ

ಅಷ್ಟು ಸುಲಭ ಅಲ್ಲ ಸಾರ್. ಫ್ರೆಂಚ್ ಆರ್ಗನ್ ಲೋಕದಲ್ಲಿ ಅಂಧರು ಹೊರಗಿನವರಾಗಿರಲಿಲ್ಲ. ಅಂಧರ ಚುಕ್ಕೆ ಲಿಪಿ ರೂಪಿಸಿದ ಲೂಯಿ ಬ್ರೈಲ್ ಅವರೇ ಪ್ಯಾರಿಸ್ಸಿನಲ್ಲಿ ಚರ್ಚ್ ಆರ್ಗನಿಸ್ಟ್ ಆಗಿದ್ದವರು, ವಿಯೆರ್ನ್ ಓದಿದ ಶಾಲೆಯಲ್ಲೇ ಕಲಿತು ಅಲ್ಲೇ ಪಾಠ ಹೇಳಿದವರು. 1886ರಲ್ಲೇ ಆದಾಲ್ಫ್ ಮಾರ್ತಿ ಎಂಬ ಅಂಧ ವಿದ್ಯಾರ್ಥಿ ಕನ್ಸರ್ವೇಟರಿಯಲ್ಲಿ ಆರ್ಗನ್‌ಗೆ ಮೊದಲ ಬಹುಮಾನ ಪಡೆದಿದ್ದರು. ಕನ್ಸರ್ವೇಟರಿಯ ಆಗಿನ ಆರ್ಗನ್ ಪ್ರಾಧ್ಯಾಪಕ ಸೆಸಾರ್ ಫ್ರಾಂಕ್ ಆ ಅಂಧರ ಶಾಲೆಗೆ ಪರೀಕ್ಷಕರಾಗಿ ಬರುತ್ತಿದ್ದರು. ವಿಯೆರ್ನ್‌ರನ್ನು ಅವರು ಕಂಡುಕೊಂಡದ್ದೂ ಹಾಗೇ. ಅಂಧ ಹುಡುಗನಿಗೆ ಆರ್ಗನ್ ಕಲಿಸಿದರೆ ಒಂದು ಚರ್ಚಿನಲ್ಲಿ ಹೊಟ್ಟೆಪಾಡು ಆಗುತ್ತದೆ ಅನ್ನುವುದು ಅಲ್ಲಿ ಮಾಮೂಲಿ ತಿಳಿವಳಿಕೆ.

ಕಡಲತಡಿ

ಒಂದು ಸಣ್ಣ ವಿಷಯ ಸೇರಿಸ್ತೇನೆ. ನಾನು ಮಂಗಳೂರಿನಲ್ಲಿ ನಮ್ಮ ಇಗರ್ಜಿಯ ಗಾಯನ ಮಂಡಳಿಗೆ ಕೀಬೋರ್ಡ್ ನುಡಿಸುವವ. ಬ್ರೈಲ್‌ನಲ್ಲಿ ಸಂಗೀತ ಓದುವುದು ಹೇಗೆ ಅಂತ ಯಾರಿಗಾದ್ರೂ ಗೊತ್ತುಂಟಾ? ಕಣ್ಣು ಹಾಳೆಯ ಮೇಲೆ, ಕೈ ಕೀಲಿಯ ಮೇಲೆ ಅಂತ ನಾವು ನುಡಿಸ್ತೇವೆ. ಬ್ರೈಲ್‌ನಲ್ಲಿ ಓದುವುದೇ ಬೆರಳು ಮಾರಾಯ್ರೆ! ಬಲಗೈಯಲ್ಲಿ ಚುಕ್ಕೆ ತಡವುತ್ತಾ ಎಡಗೈ ಭಾಗ ಕಲೀಬೇಕು, ಆಮೇಲೆ ಎಡಗೈಯಲ್ಲಿ ಓದಿ ಬಲಗೈ. ಆರ್ಗನ್‌ಗೆ ಮೂರನೆಯ ಸಾಲು ಕಾಲಿನದ್ದು, ಪೆಡಲ್. ಅದೊಂದನ್ನು ಮಾತ್ರ ಕೈಯಲ್ಲಿ ಓದ್ತಾ ಕಾಲಲ್ಲಿ ನುಡಿಸಬಹುದು. ಮೂರನ್ನೂ ಬೇರೆಬೇರೆ ಬಾಯಿಪಾಠ ಮಾಡಿ ತಲೆಯೊಳಗೆ ಕೂಡಿಸಬೇಕು. ನೋಡಿಕೊಂಡು ನುಡಿಸುವುದು ಅಂತಲೇ ಇಲ್ಲ. ಬಾಖ್‌ನ ಒಂದು ಫ್ಯೂಗ್ (ಒಂದೇ ಧಾಟಿಯನ್ನು ಹಲವು ಎಳೆಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ) ಹೀಗೆ ಕಲಿತವನಿಗೆ ಅದರ ಪ್ರತಿ ಎಳೆ ಪ್ರತ್ಯೇಕವಾಗಿ ಗೊತ್ತಿರ್ತದೆ. ಅಂಥವರು ಪಾಠಕ್ಕೆ ಕೂತರೆ ಶಿಷ್ಯ ಎಲ್ಲಿ ಎಡವಿದ ಅಂತ ಕಣ್ಣು ಮುಚ್ಚಿಯೇ ಹೇಳ್ತಾರೆ.

ವಿಯೆರ್ನ್ ಬರೆಯುವಾಗ ಮಾತ್ರ ದೊಡ್ಡ ಗಾತ್ರದ ಹಾಳೆಯಲ್ಲಿ ದಪ್ಪ ದಪ್ಪ ಸ್ವರ ಬರೀತಿದ್ದರಂತೆ. ದೃಷ್ಟಿ ಇನ್ನೂ ಇಳಿದ ಮೇಲೆ ಬ್ರೈಲ್‌ಗೆ ಬಂದರು.

ಧಾರವಾಡದಂವ

ಗಾಂಧಾರ ಅಕ್ಕಾರ, ನೀವು ಕುರ್ಚಿ ಕುರ್ಚಿ ಅಂತ ಹೇಳಾಕತ್ತೀರಿ. ಆ ತರಗತಿಯೊಳಗ ಏನ್ ಕಲಸ್ತಿದ್ರು ಅಂತ ಮೊದ್ಲ ಹೇಳ್ರಿ. ಕೀಲಿ ಒತ್ತೂದು ಕಲಸಾಕ ಇಷ್ಟೊಂದು ರಾಜಕಾರಣ ಬೇಕಾ?

ಗಾಂಧಾರ

ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ವಿಯೆರ್ನ್ ಕೆಲಸದ ತಿರುಳು ಅಲ್ಲೇ ಇದೆ.

ಫ್ರಾಂಕ್ ಕಾಲದಲ್ಲಿ ಆರ್ಗನ್ ಪರೀಕ್ಷೆಗೆ ನಾಲ್ಕು ಭಾಗ. ಗ್ರೆಗೋರಿಯನ್ ಗಾನದ, ಅಂದರೆ ಚರ್ಚಿನ ಹಳೇ ಹಾಡಿನ, ಒಂದು ಸಾಲು ಕೊಟ್ಟರೆ ಅದಕ್ಕೆ ಅಲ್ಲೇ ಹಿಮ್ಮೇಳ ಕಟ್ಟಬೇಕು. ಒಂದು ವಿಷಯ, ಅಂದರೆ ಪುಟ್ಟ ಧಾಟಿ, ಕೊಟ್ಟರೆ ಅದರ ಮೇಲೆ ಆಗಿಂದಾಗಲೇ ಫ್ಯೂಗ್ ಕಟ್ಟಬೇಕು. ಇನ್ನೊಂದು ವಿಷಯದ ಮೇಲೆ ಮನಸ್ಸಿಗೆ ಬಂದಂತೆ ಬೆಳೆಸಬೇಕು. ಕೊನೆಗೆ ಒಂದೇ ಒಂದು ಸಿದ್ಧ ಕೃತಿ. ಅಂದರೆ ಮುಕ್ಕಾಲು ಪಾಲು ಮನೋಧರ್ಮ. ಫ್ರಾಂಕ್ ಅವರಿಗೂ ಅದೇ ಪ್ರಾಣ. 1890ರ ಅಕ್ಟೋಬರ್‌ನಲ್ಲಿ ವಿಯೆರ್ನ್ ಆ ತರಗತಿಗೆ ಪೂರ್ಣ ವಿದ್ಯಾರ್ಥಿಯಾಗಿ ಸೇರಿದರು. ನವೆಂಬರ್ 8ಕ್ಕೆ ಫ್ರಾಂಕ್ ಹೋಗಿಬಿಟ್ಟರು.

ಬಂದವರು ವಿದೋರ್. ಅವರ ಲೆಕ್ಕವೇ ಬೇರೆ. ಮೊದಲು ನುಡಿಸುವುದನ್ನು ಕಲಿಯಿರಿ, ಕಟ್ಟುವುದು ಆಮೇಲೆ. ಬೆನ್ನು ನೇರ, ಕೈ ಕೀಲಿಗೆ ಹತ್ತಿರ, ಒಂದು ಸ್ವರದಿಂದ ಇನ್ನೊಂದಕ್ಕೆ ನಡುವೆ ಸಂದು ಬೀಳಕೂಡದು. ಅದೇ ಸ್ವರ ಎರಡನೇ ಸಲ ಬಂದರೆ ಮೊದಲನೆಯದರ ಅರ್ಧ ಕಾಲ ಹಿಡಿದು ಅರ್ಧ ಬಿಡಬೇಕು, ಕೈ ಎತ್ತುವುದಕ್ಕೂ ಒತ್ತುವುದರಷ್ಟೇ ಲೆಕ್ಕ. ಇದು ಅವರು ಬ್ರಸೆಲ್ಸ್‌ನಲ್ಲಿ ಲೆಮ್ಮೆನ್ಸ್ ಬಳಿ ಕಲಿತು ತಂದ ಶಿಸ್ತು. ಗಿಲ್ಮಾಂ ಕೂಡ ಅದೇ ಗುರುವಿನ ಶಿಷ್ಯ. ಫ್ರಾಂಕ್ ಹುಡುಗರಿಗೆ ಮೊದಮೊದಲು ಸಿಟ್ಟು ಬಂತು, ವಿಯೆರ್ನ್ ತಮ್ಮ ನೆನಪುಗಳಲ್ಲಿ ಅದನ್ನು ಮುಚ್ಚಿಟ್ಟಿಲ್ಲ. ಆದರೆ ಅವರೇ ಆ ಶಿಸ್ತನ್ನು ಎಲ್ಲರಿಗಿಂತ ಬೇಗ ಮೈಗೂಡಿಸಿಕೊಂಡರು. ಹೊಸಬರನ್ನು ತಿದ್ದುವ ಕೆಲಸ ಬಹುಬೇಗ ಅವರ ಪಾಲಿಗೇ ಬಂತು.

ನೋತ್ರ್ ದಾಮ್‌ನ ಒಳಗೆ ನಾದ ಸಾಯುವುದಕ್ಕೆ ಆರೇಳು ಸೆಕೆಂಡು ಬೇಕು. ಅಲ್ಲಿ ಬೆರಳು ಸ್ವಲ್ಪ ಗಲೀಜಾದರೆ ಎಲ್ಲವೂ ಕಲಸುಮೇಲೋಗರ. ಅರ್ಧ ಹಿಡಿ, ಅರ್ಧ ಬಿಡು ಅನ್ನುವ ನಿಯಮ ಶಾಸ್ತ್ರಕ್ಕೆ ಹುಟ್ಟಿದ್ದಲ್ಲ, ಕಲ್ಲಿನ ಕಟ್ಟಡಕ್ಕೆ ಹುಟ್ಟಿದ್ದು ಅಂತ ನನಗನ್ನಿಸುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಫ್ರಾಂಕ್ ಅವರ ಮನೋಧರ್ಮ, ವಿದೋರ್ ಅವರ ಬೆರಳು, ಎರಡನ್ನೂ ಒಂದೇ ಪಾಠದಲ್ಲಿ ಕೂಡಿಸಿ ಮುಂದಿನವರಿಗೆ ದಾಟಿಸಿದವರು ವಿಯೆರ್ನ್. ಸಂಸ್ಥೆಯ ದಾಖಲೆಯಲ್ಲಿ ಅವರು ಸಹಾಯಕರು ಮಾತ್ರ.

ಸಂಶಯಾತ್ಮ

ಸರಿ, ಕಣ್ಣಿನ ಮಾತು ವಾಪಸ್. ಹಾಗಾದ್ರೆ 1911ರಲ್ಲಿ ಆಗಿದ್ದೇನು? ಜಿಗೂ ಏನು ಕಡಿಮೆ ಆಳಾ? 1863ರಿಂದ ಸೆಂಟ್ ಆಗುಸ್ತಾಂ ಚರ್ಚಿನಲ್ಲಿದ್ದವರು, ಹೆಸರು ಮಾಡಿದ ಮೇಷ್ಟ್ರು. ನೀವು ಅನ್ಯಾಯ ಅನ್ನೋ ಥರ ಬರೀತಿದ್ದೀರಿ.

ಗಾಂಧಾರ

ಜಿಗೂ ಕಡಿಮೆ ಅಂತ ಹೇಳಲಿಲ್ಲ. ಆಗ ಕನ್ಸರ್ವೇಟರಿಯ ನಿರ್ದೇಶಕರು ಗೇಬ್ರಿಯಲ್ ಫೋರೆ. ಫೋರೆ, ಜಿಗೂ ಇಬ್ಬರೂ ನೀಡರ್‌ಮೆಯರ್ ಶಾಲೆಯಲ್ಲಿ ಹುಡುಗರಾಗಿದ್ದಾಗಿಂದ ಜೊತೆಗಾರರು. ಫೋರೆಗೂ ವಿದೋರ್‌ಗೂ ಅಷ್ಟಕ್ಕಷ್ಟೆ. ವಿಯೆರ್ನ್ ವಿದೋರ್ ಕಡೆಯ ಹುಡುಗ ಅಂತ ಎಲ್ಲರಿಗೂ ಗೊತ್ತು. ಉಳಿದದ್ದು ನಿಮಗೇ ತಿಳಿಯುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ನೇಮಕಾತಿ ಕಂಡವರಿಗೆ ಪ್ಯಾರಿಸ್ ಹೊಸದೇನೂ ಅಲ್ಲ!

ಆ ಮಾರ್ಚ್ ತಿಂಗಳೇ ಅವರ ಪಾಲಿಗೆ ಕೆಟ್ಟದ್ದು. ತಾಯಿ ತೀರಿಕೊಂಡದ್ದೂ ಅದೇ ತಿಂಗಳು. 1909ರಲ್ಲಿ ಮದುವೆ ಮುರಿದಿತ್ತು. ಅದಕ್ಕೂ ಮೊದಲು 1906ರಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಅಗೆದಿದ್ದ ಗುಂಡಿಗೆ ಬಿದ್ದು ಕಾಲು ಮುರಿದಿತ್ತು, ಕತ್ತರಿಸಬೇಕಾದೀತೇನೋ ಅನ್ನುವಷ್ಟು. ಪೆಡಲ್ ನುಡಿಸುವುದನ್ನು ಮೂವತ್ತಾರನೇ ವಯಸ್ಸಿನಲ್ಲಿ ಮತ್ತೆ ಮೊದಲಿಂದ ಕಲಿತರು.

ಕಡಲತಡಿ

ಪೆಡಲ್ ಅಂದರೆ ಕಾರಿನ ಪೆಡಲ್ ಅಲ್ಲ ಅಂತ ಗೊತ್ತಿಲ್ಲದವರಿಗೆ ಹೇಳ್ತೇನೆ. ಕಾಲ ಕೆಳಗೆ ಇನ್ನೊಂದು ಪೂರ್ತಿ ಕೀಲಿಮಣೆ ಉಂಟು. ಹಿಮ್ಮಡಿ, ಬೆರಳ ತುದಿ ಎರಡರಲ್ಲೂ ನುಡಿಸಬೇಕು. ಕಾಲು ಹೋದರೆ ಆರ್ಗನಿಸ್ಟಿನ ಮೂರನೇ ಕೈ ಹೋದ ಹಾಗೆ.

ಧಾರವಾಡದಂವ

ಇಷ್ಟೆಲ್ಲಾ ಆದ್ರೂ ನೋತ್ರ್ ದಾಮ್ ಇತ್ತಲ್ರೀ. ಅಷ್ಟ್ ದೊಡ್ಡ ಗುಡಿ, ಪಗಾರ ಚಲೋ ಇರಬೇಕಲ್ಲ?

ಸೇನ್_ದಂಡೆ

ಪ್ಯಾರಿಸ್‌ನಲ್ಲಿರುವವನು, ಇದಕ್ಕೆ ನಾನು ಉತ್ತರಿಸಬಹುದು. ಇಲ್ಲ ಅಣ್ಣ, ಪಗಾರ ತೀರಾ ಸಾಧಾರಣ. 1905ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಸರ್ಕಾರ ಚರ್ಚನ್ನೂ ರಾಜ್ಯವನ್ನೂ ಬೇರೆ ಮಾಡಿ ಕಾನೂನು ತಂತು. ಪಾದ್ರಿಗಳಿಗೆ ಸರ್ಕಾರದಿಂದ ಬರುತ್ತಿದ್ದ ಸಂಬಳ ನಿಂತಿತು. ಕಟ್ಟಡ ಮಾತ್ರ ಸರ್ಕಾರದ್ದೇ, ಅದರೊಳಗಿನ ದೊಡ್ಡ ಆರ್ಗನ್ ಕೂಡ. ನಮ್ಮ ಮುಜರಾಯಿ ದೇವಸ್ಥಾನಕ್ಕೂ ಇದಕ್ಕೂ ಒಂದು ವ್ಯತ್ಯಾಸ: ಇಲ್ಲಿ ಗೋಡೆ ಸರ್ಕಾರದ್ದು, ಹುಂಡಿ ಚರ್ಚಿನದ್ದು. ಆರ್ಗನಿಸ್ಟಿಗೆ ಹುಂಡಿಯಿಂದಲೇ ಬರಬೇಕು. ಆದ್ದರಿಂದ ಮನೆಪಾಠ ಮತ್ತು ಕಛೇರಿ, ಇವೆರಡೇ ಜೀವನಾಧಾರ.

ವಾದ್ಯದ ಪಾಡೂ ಹಾಗೇ. ಆರ್ಗನ್ ತಯಾರಕ ಕವಾಯೆ-ಕೋಲ್ 1868ರಲ್ಲಿ ಕಟ್ಟಿದ್ದು ಅದು: ಐದು ಕೀಲಿಮಣೆ, 86 ಸ್ಟಾಪ್ (ಬೇರೆಬೇರೆ ನಾದದ ಕೊಳವೆ ಸಾಲುಗಳನ್ನು ತೆರೆಯಲು ಎಳೆಯುವ ಗುಂಡಿಗಳು). ವಿಯೆರ್ನ್ ಕಾಲಕ್ಕೆ ಅದಕ್ಕೆ ಉಬ್ಬಸ ಶುರುವಾಗಿತ್ತು. ದುರಸ್ತಿಗೆ ಹಣ ಕೂಡಿಸಲು ಐವತ್ತಾರನೇ ವಯಸ್ಸಿನಲ್ಲಿ, 1927ರಲ್ಲಿ, ಅಮೆರಿಕ ಸುತ್ತಿದರು. ವಾನಮೇಕರ್ ಎಂಬ ದೊಡ್ಡ ಅಂಗಡಿಯ ಆರ್ಗನ್ ಮೇಲೂ ನುಡಿಸಿದರು (ಹೌದು, ಅಂಗಡಿಯೊಳಗೇ ಆರ್ಗನ್!). ದುರಸ್ತಿ ಮುಗಿದದ್ದು 1932ರಲ್ಲಿ.

ಗಾಂಧಾರ

ಮನೆಪಾಠ ಅಂದಿರಿ, ಜೊತೆಗೆ ಸ್ಕೋಲಾ ಕಾಂತೋರುಮ್ ಕೂಡ ಇತ್ತು. ಗಿಲ್ಮಾಂ, ಶಾರ್ಲ್ ಬೋರ್ದ್, ವಿನ್ಸೆಂಟ್ ದ್ಯಾಂದಿ ಸೇರಿ ಕಟ್ಟಿದ ಖಾಸಗಿ ಸಂಗೀತ ಶಾಲೆ. ಕನ್ಸರ್ವೇಟರಿ ಬಿಟ್ಟ ಮೇಲೆ ವಿಯೆರ್ನ್ ಅಲ್ಲಿ ಪಾಠ ಹೇಳಿದರು.

ಶಿಷ್ಯರ ಪಟ್ಟಿ ನೋಡಿ. ಜೋಸೆಫ್ ಬೊನ್ನೆ, ಅಂಧ ಆರ್ಗನಿಸ್ಟ್ ಆಗುಸ್ತಾಂ ಬಾರಿಯೆ, ನಾದಿಯಾ ಬುಲಾಂಜೆ, ಮಾರ್ಸೆಲ್ ದ್ಯುಪ್ರೇ, ಮೋರಿಸ್ ದ್ಯುರುಫ್ಲೆ. ಬುಲಾಂಜೆ ಮುಂದೆ ಅರ್ಧ ಅಮೆರಿಕಕ್ಕೆ ಪಾಠ ಹೇಳಿದರು. ಕೋಪ್ಲಂಡ್, ಪಿಯಾಝೋಲಾ, ಫಿಲಿಪ್ ಗ್ಲಾಸ್‌ರಂಥ ಸಂಯೋಜಕರೆಲ್ಲ ಆಕೆಯ ಬಳಿ ಕಲಿತವರು. ಗ್ಲಾಸ್ ಆಕೆಯ ಬಳಿ ಓದುತ್ತಿದ್ದ ದಿನಗಳಲ್ಲೇ ಪ್ಯಾರಿಸ್ಸಿನಲ್ಲಿ ರವಿಶಂಕರ್ ಜೊತೆ ಕೆಲಸ ಮಾಡಿ ತಾಳದ ರುಚಿ ಹತ್ತಿಸಿಕೊಂಡದ್ದು.

ದ್ಯುಪ್ರೇ ಕಡೆಯ ಎಳೆ ಇನ್ನೂ ಸ್ವಾರಸ್ಯ. ಅವರ ಶಿಷ್ಯ, ಸಂಯೋಜಕ ಒಲಿವಿಯೆ ಮೆಸಿಯಾಂ ನಮ್ಮ ಶಾರ್ಙ್ಗದೇವನ ‘ಸಂಗೀತರತ್ನಾಕರ’ದ 120 ದೇಶೀ ತಾಳಗಳ ಪಟ್ಟಿಯನ್ನು ಫ್ರೆಂಚ್ ವಿಶ್ವಕೋಶವೊಂದರಲ್ಲಿ ಕಂಡು, ಅದರಿಂದ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಮುಂತಾದ ತಾಳಗಳನ್ನು ಎತ್ತಿ ತಮ್ಮ ಕೃತಿಗಳಲ್ಲಿ ಬಳಸಿದರು. ಹದಿಮೂರನೇ ಶತಮಾನದ ದೇವಗಿರಿಯ ತಾಳ ಇಪ್ಪತ್ತನೇ ಶತಮಾನದ ಪ್ಯಾರಿಸ್ಸಿನಲ್ಲಿ! ಇದಕ್ಕೆ ವಿಯೆರ್ನ್ ಕಾರಣ ಅಂತ ಹೇಳುತ್ತಿಲ್ಲ, ಶಿಷ್ಯ ಪರಂಪರೆ ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ ಅಂದೆ.

ಸಂಶಯಾತ್ಮ

ದ್ಯುಪ್ರೇ ಹೆಸರು ಬಂತಲ್ಲ, ಗುರು-ಶಿಷ್ಯ ಜಗಳದ ಕಥೆಯನ್ನೂ ಹೇಳಿಬಿಡಿ. ಪರಂಪರೆ ಪರಂಪರೆ ಅಂತ ಹೂವಿನ ಹಾರ ಹಾಕೋದು ಬೇಡ.

ಗಾಂಧಾರ

ಹೇಳೋಣ. 1911ರ ಬೇಸಿಗೆಯಲ್ಲಿ, ಎಲ್ಲ ಕಳೆದುಕೊಂಡು ಕೂತಿದ್ದ ವಿಯೆರ್ನ್‌ರನ್ನು ದ್ಯುಪ್ರೇ ಕುಟುಂಬದವರು ಸಮುದ್ರತೀರದ ತಮ್ಮ ಮನೆಗೆ ಕರೆದುಕೊಂಡು ಹೋದರು. ಮೂರನೇ ಸಿಂಫನಿ ಬರೆದದ್ದು ಅಲ್ಲೇ. ಅರ್ಪಣೆ ದ್ಯುಪ್ರೇಗೆ, ಮೊದಲು ನುಡಿಸಿದ್ದೂ ದ್ಯುಪ್ರೇಯೇ.

1916ರಲ್ಲಿ ಕಣ್ಣಿಗೆ ಗ್ಲಾಕೋಮಾ. ಇದ್ದ ಅಲ್ಪ ದೃಷ್ಟಿ ಉಳಿಸಿಕೊಳ್ಳಲು ಸ್ವಿಟ್ಜರ್ಲೆಂಡಿಗೆ ಹೋದರು. ಕೆಲವು ತಿಂಗಳು ಅಂದುಕೊಂಡದ್ದು ನಾಲ್ಕು ವರ್ಷವಾಯಿತು. ಆ ನಡುವೆ ಹಿರಿಮಗ ಜಾಕ್ ಹದಿನೇಳನೇ ವಯಸ್ಸಿಗೇ ಸೈನ್ಯಕ್ಕೆ ಸೇರಿ 1917ರಲ್ಲಿ ಸತ್ತ. ವಯಸ್ಸು ಸಾಲದ್ದಕ್ಕೆ ಒಪ್ಪಿಗೆ ಕೊಟ್ಟವರು ತಂದೆಯೇ. ಕಿರಿಮಗ ಆಂದ್ರೆ 1913ರಲ್ಲೇ ಹೋಗಿದ್ದ. 1918ರಲ್ಲಿ ತಮ್ಮ ರನೆ ಯುದ್ಧದಲ್ಲಿ. ಅವರೂ ಆರ್ಗನಿಸ್ಟ್. ಜಾಕ್‌ಗಾಗಿ ಬರೆದ ಪಿಯಾನೊ ಕ್ವಿಂಟೆಟ್ ಒಂದಿದೆ, ಅದರ ಬಗ್ಗೆ ಬರೆಯುವುದಕ್ಕಿಂತ ಕೇಳುವುದು ಮೇಲು.

ಈ ನಾಲ್ಕು ವರ್ಷ ನೋತ್ರ್ ದಾಮ್‌ನಲ್ಲಿ ಗುರುವಿನ ಬದಲು ಕೂತವರು ದ್ಯುಪ್ರೇ. 1920ರಲ್ಲಿ ಬಾಖ್‌ನ ಆರ್ಗನ್ ಕೃತಿಗಳೆಲ್ಲವನ್ನೂ ಹತ್ತು ಕಛೇರಿಗಳಲ್ಲಿ ನೆನಪಿನಿಂದಲೇ ನುಡಿಸಿ ಅವರು ಜಗತ್ಪ್ರಸಿದ್ಧರಾದರು. ಆಮೇಲೆ ಹೊರದೇಶದ ಕಛೇರಿ ಪ್ರಕಟಣೆಗಳಲ್ಲಿ ಅವರ ಹೆಸರಿನ ಮುಂದೆ ‘ನೋತ್ರ್ ದಾಮ್ ಆರ್ಗನಿಸ್ಟ್’ ಅಂತ ಅಚ್ಚಾಗತೊಡಗಿತು. ವಿಯೆರ್ನ್ ಕೆರಳಿದರು. ಮಾತು ನಿಂತಿತು.

ಸಂಶಯಾತ್ಮ

ನೋಡಿ, ಇಲ್ಲಿ ನಾನು ದ್ಯುಪ್ರೇ ಪರ ಸ್ವಲ್ಪ ನಿಲ್ತೀನಿ. ನಾಲ್ಕು ವರ್ಷ ಅಲ್ಲೇ ನುಡಿಸಿದ್ದಾನೆ, ಕಛೇರಿ ಏರ್ಪಡಿಸೋರು ಟಿಕೆಟ್ ಮಾರೋಕೆ ಏನು ಬೇಕಾದ್ರೂ ಅಚ್ಚು ಹಾಕ್ತಾರೆ.

ಗಾಂಧಾರ

ಅಚ್ಚು ಹಾಕಿದವರನ್ನು ತಡೆಯಬಹುದಿತ್ತು ಅನ್ನುವುದು ನನ್ನ ವಾದ. ಎಲ್ಲವನ್ನೂ ಕಳೆದುಕೊಂಡ ಮನುಷ್ಯನ ಬಳಿ ಉಳಿದದ್ದು ಆ ಒಂದು ಬಿರುದು. ಒಪ್ಪದಿದ್ದರೆ ಬಿಡಿ, ಇದರಲ್ಲಿ ನಾವಿಬ್ಬರೂ ಸೇರುವುದಿಲ್ಲ.

ಧಾರವಾಡದಂವ

ಒಂದ್ ಮಾತು. ಇವ್ರ ಗುರು ವಿದೋರ್ ಸೆಂ-ಸುಲ್ಪೀಸಿನ್ಯಾಗ ಎಷ್ಟ್ ವರ್ಷ ಇದ್ರು?

ಸೇನ್_ದಂಡೆ

ಅದು ತಮಾಷೆಯ ಕಥೆ. 1870ರಲ್ಲಿ ಒಂದು ವರ್ಷದ ಮಟ್ಟಿಗೆ ತಾತ್ಕಾಲಿಕ ಅಂತ ತೆಗೆದುಕೊಂಡರು. ಖಾಯಂ ಮಾಡಲೇ ಇಲ್ಲ. ಬಿಟ್ಟದ್ದು 1933ರ ಕೊನೆಗೆ. ಅಂದರೆ ಅರವತ್ತನಾಲ್ಕು ವರ್ಷ ತಾತ್ಕಾಲಿಕ! ಅವರ ನಂತರ ಬಂದದ್ದು ಮತ್ತೆ ಅದೇ ದ್ಯುಪ್ರೇ.

ಧಾರವಾಡದಂವ

ಅತಿಥಿ ಉಪನ್ಯಾಸಕರ ಸಂಘಕ್ಕ ಇವ್ರನ್ನ ಅಧ್ಯಕ್ಷರನ್ನ ಮಾಡಬೇಕಿತ್ತ ನೋಡ್ರಿ 😄

ಕಡಲತಡಿ

ನಾನು ಅವರ ‘ವೆಸ್ಟ್‌ಮಿನ್‌ಸ್ಟರ್ ಗಂಟೆಗಳು’ ಕೇಳಿ ಮರುಳಾದವ. 1927ರ ಕೃತಿ, ಲಂಡನ್ನಿನ ಆರ್ಗನ್ ತಯಾರಕ ಹೆನ್ರಿ ವಿಲ್ಲಿಸ್‌ಗೆ ಅರ್ಪಣೆ. ಲಂಡನ್ ಗಡಿಯಾರ ಬಾರಿಸುವ ಆ ಪರಿಚಿತ ನಾಲ್ಕು ಸ್ವರ ಎತ್ತಿಕೊಂಡು ಏಳೆಂಟು ನಿಮಿಷ ಏರಿಸ್ತಾ ಹೋಗ್ತಾರೆ. ಸೂಕ್ಷ್ಮವಾಗಿ ಕೇಳಿದರೆ ಒಂದು ಸಾಲು ನಿಜವಾದ ಗಡಿಯಾರದ್ದಕ್ಕಿಂತ ಬೇರೆ ಉಂಟು. ವಿಲ್ಲಿಸ್ ಗುನುಗಿ ತೋರಿಸುವಾಗ ತಪ್ಪಿದ ಅಂತ ಒಂದು ಕಥೆ, ವಿಯೆರ್ನ್ ಬೇಕೆಂದೇ ಬದಲಿಸಿದರು ಅಂತ ಇನ್ನೊಂದು. ನನಗೆ ಎರಡನೆಯದೇ ಸರಿ ಕಾಣ್ತದೆ. ಅಂಥ ಕಿವಿ ಇದ್ದವರಿಗೆ ತಪ್ಪಿ ಬೀಳುವ ಸ್ವರವಾ ಅದು?

ಚರ್ಚಿನ ಕೆಲಸದ ಬಗ್ಗೆಯೂ ಎರಡು ಮಾತು. ಬಲಿಪೂಜೆಯಲ್ಲಿ ಆರ್ಗನಿಸ್ಟಿಗೆ ಹಾಳೆ ನೋಡಿ ನುಡಿಸುವ ಪುರುಸೊತ್ತು ಇರುವುದಿಲ್ಲ. ಗುರುಗಳು ಪೀಠಕ್ಕೆ ಬರುವಷ್ಟು ಹೊತ್ತು ಪ್ರವೇಶ, ಕಾಣಿಕೆಯ ಹೊತ್ತಿಗೆ ಒಂದು, ಪ್ರಸಾದ ಸ್ವೀಕರಿಸುವ ಸಾಲು ಉದ್ದವಾದರೆ ಇನ್ನಷ್ಟು ಎಳೆಯಬೇಕು, ಸಾಲು ಮುಗಿದರೆ ಅರ್ಧ ನಿಮಿಷದಲ್ಲಿ ಇಳಿಸಬೇಕು. ನೋತ್ರ್ ದಾಮ್‌ನಲ್ಲಿ ಹಾಡುವವರ ಹತ್ತಿರ ಒಂದು ಸಣ್ಣ ಆರ್ಗನ್, ಪಶ್ಚಿಮ ಬಾಗಿಲ ಮೇಲಿನ ಅಟ್ಟದಲ್ಲಿ ದೊಡ್ಡದು. ಅವರಿಗೊಂದು ಚರಣ, ಇವರಿಗೊಂದು ಉತ್ತರ. ಪರೀಕ್ಷೆಯಲ್ಲಿ ಮುಕ್ಕಾಲು ಪಾಲು ಮನೋಧರ್ಮ ಯಾಕೆ ಅಂತ ಈಗ ಅರ್ಥ ಆಯ್ತಲ್ಲ.

ಸೇನ್_ದಂಡೆ

ಅದು ಇವತ್ತಿಗೂ ಹಾಗೇ. 2019ರ ಏಪ್ರಿಲ್ ಬೆಂಕಿಯಲ್ಲಿ ದೊಡ್ಡ ಆರ್ಗನ್ ಸುಡಲಿಲ್ಲ, ಆದರೆ ಛಾವಣಿಯ ಸೀಸದ ಧೂಳು ಒಳಗೆಲ್ಲ ಕೂತಿತ್ತು. ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, ಸುಮಾರು 8,000 ಕೊಳವೆಗಳ ಶ್ರುತಿ ಕೂಡಿಸಿದರು. ಈಗ ಅದಕ್ಕೆ 115 ಸ್ಟಾಪ್. 2024ರ ಡಿಸೆಂಬರ್ 7ರಂದು ಬಾಗಿಲು ತೆರೆದಾಗ ಆರ್ಚ್‌ಬಿಷಪ್ ಎಂಟು ಸಲ ಆರ್ಗನ್ ಅನ್ನು ಕರೆದರು, ಎಂಟು ಸಲವೂ ಆರ್ಗನಿಸ್ಟ್‌ಗಳು ಆ ಕ್ಷಣಕ್ಕೆ ಹೊಳೆದದ್ದನ್ನೇ ನುಡಿಸಿ ಉತ್ತರ ಕೊಟ್ಟರು. ಊರಿಗೆ ಬಂದವರು ಭಾನುವಾರದ ಪೂಜೆಗೆ ಹೋಗಿ ಕೂರಬಹುದು, ಟಿಕೆಟ್ ಇಲ್ಲ.

ವಿಯೆರ್ನ್ ಸ್ವತಃ ನುಡಿಸಿದ್ದು ಕೇಳಬೇಕೆಂದರೆ 1928ರ ಧ್ವನಿಮುದ್ರಣಗಳಿವೆ. ಅದರಲ್ಲಿ ಮೂರು ಪೂರ್ತಿ ಆಶುರಚನೆ. ದ್ಯುರುಫ್ಲೆ ಆ ತಟ್ಟೆಗಳನ್ನು ಕೇಳಿ ಕೇಳಿ ಸ್ವರ ಸ್ವರವನ್ನೂ ಬರೆದುಕೊಂಡು ಪ್ರಕಟಿಸಿದರು, ಗುರು ತೀರಿಕೊಂಡು ಎಷ್ಟೋ ವರ್ಷದ ಮೇಲೆ.

ಸಂಶಯಾತ್ಮ

ಸಾವಿನ ಕಥೆ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೀನಿ. 1937ರ ಜೂನ್ 2, ನೋತ್ರ್ ದಾಮ್‌ನಲ್ಲಿ ಕಛೇರಿ. ತಮ್ಮ ‘ಟ್ರಿಪ್ಟಿಕ್’ ನುಡಿಸಿ ಮುಗಿಸಿದ್ರು. ಬ್ರೈಲ್‌ನಲ್ಲಿ ಕೊಟ್ಟ ವಿಷಯದ ಮೇಲೆ ಆಶುರಚನೆ ಶುರು ಮಾಡೋಕೆ ಸ್ಟಾಪ್ ಎಳೆಸಿಕೊಂಡ ಹೊತ್ತಿಗೆ ಕುಸಿದುಬಿಟ್ರು. ಪಕ್ಕದಲ್ಲಿ ದ್ಯುರುಫ್ಲೆ. ಕಾಲು ಒಂದು ಪೆಡಲ್ ಸ್ವರದ ಮೇಲೆ ಬಿದ್ದು ಅದೊಂದೇ ಸ್ವರ ಮೊಳಗಿತು ಅಂತಾರೆ. ಅವರ 1,750ನೇ ಕಛೇರಿ ಅಂತಲೂ ಎಲ್ಲ ಕಡೆ ಬರೀತಾರೆ. ಲೆಕ್ಕ ಹಾಕಿ: 37 ವರ್ಷಕ್ಕೆ ಭಾಗಿಸಿದ್ರೆ ವರ್ಷಕ್ಕೆ 47. ಅದರಲ್ಲಿ ನಾಲ್ಕು ವರ್ಷ ಊರಲ್ಲೇ ಇರಲಿಲ್ಲ. ಹೊರಗಿನ ಕಛೇರಿ ಎಲ್ಲ ಸೇರಿಸಿದ್ರೂ ನನಗೆ ಆ ಸಂಖ್ಯೆ ಜೀರ್ಣ ಆಗಲ್ಲ. ಸತ್ತದ್ದು ಅಲ್ಲೇ ಅನ್ನೋದು ಮಾತ್ರ ನಿಜ.

ಗಾಂಧಾರ

ಸಂಖ್ಯೆಯ ಬಗ್ಗೆ ನಿಮ್ಮ ಅನುಮಾನ ನನಗೂ ಇದೆ. ಆಮೇಲೆ ನಡೆದದ್ದು ಸಂಖ್ಯೆಗಿಂತ ಮುಖ್ಯ ಅನ್ನಿಸುತ್ತದೆ. ತಮ್ಮ ನಂತರ ದ್ಯುರುಫ್ಲೆ ಬರಲಿ ಅಂತ ವಿಯೆರ್ನ್ ಬಯಸಿದ್ದರು. ಚರ್ಚಿನವರು ಆರಿಸಿದ್ದು ಲೆಯೋನ್ಸ್ ದ ಸೆಂ-ಮಾರ್ತಾಂ ಅವರನ್ನು. ದ್ಯುರುಫ್ಲೆ ಸೆಂಟ್ ಎತಿಯೆನ್ ದ್ಯು ಮೋಂ ಚರ್ಚಿನಲ್ಲೇ ಉಳಿದರು. ಹುದ್ದೆ ವಿಷಯದಲ್ಲಿ ಈ ಮನುಷ್ಯನ ಮಾತು ಸತ್ತ ಮೇಲೂ ನಡೆಯಲಿಲ್ಲ.

ಧಾರವಾಡದಂವ

ಎಲ್ಲಾ ಓದಿ ನುಡಿಸಬೇಕು ಅನಸಾಕತ್ತೇತಿ. ಐದು ಕೀಲಿಮಣೆ ನಮ್ಮ ಹತ್ರ ಎಲ್ಲಿಂದ ಬರಬೇಕ್ರಿ? ಹಾರ್ಮೋನಿಯಂ ಮ್ಯಾಲೆ ಆಗೂದು ಏನರ ಐತೇನು?

ಗಾಂಧಾರ

ಇದೆ! 1913-14ರಲ್ಲಿ ಬರೆದ ‘24 ಮುಕ್ತ ಶೈಲಿಯ ತುಣುಕುಗಳು’, ಓಪಸ್ 31. ಹಳ್ಳಿಯ ಚರ್ಚುಗಳಲ್ಲಿ ಪೆಡಲ್ ಇಲ್ಲದವರೂ ನುಡಿಸಲಿ ಅಂತ ಆರ್ಗನ್‌ಗೂ ಹಾರ್ಮೋನಿಯಂಗೂ ಆಗುವಂತೆ ಬರೆದಿದ್ದಾರೆ. 19ನೆಯದು ಜೋಗುಳ, ಮಗಳು ಕೊಲೆತ್‌ಗೆ ಅರ್ಪಿಸಿದ್ದು, ಫ್ರೆಂಚ್ ತಾಯಂದಿರು ಹಾಡುವ ಹಳೇ ಧಾಟಿಯ ಮೇಲೆ. ಅದರಿಂದ ಶುರು ಮಾಡಿ.

ಆದರೆ ನಮ್ಮ ಕೈಪೆಟ್ಟಿಗೆಯಲ್ಲಿ ಆಗದು. ಒಂದು ಕೈ ತಿದಿ ಒತ್ತುವುದಕ್ಕೇ ಹೋಗುತ್ತದೆ, ಇದಕ್ಕೆ ಎರಡೂ ಕೈ ಕೀಲಿಯ ಮೇಲೆ ಬೇಕು. ಫ್ರೆಂಚ್ ಹಾರ್ಮೋನಿಯಂಗೆ ಗಾಳಿ ಕಾಲಿನಿಂದ.

ಧಾರವಾಡದಂವ

ಕಾಲಿಂದಾ? ನಮ್ಮ ಸೋದರಮಾವನ ಮನ್ಯಾಗ ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ಐತ್ರೀ! ಅಟ್ಟದ ಮ್ಯಾಲೆ ಗೋಣಿಚೀಲ ಹೊಚ್ಚಿ ಇಟ್ಟಾರ. ತಿದಿ ಹರದೈತೋ ಏನೋ. ರಿಪೇರಿ ಮಾಡಿಸಿದ್ರ ನಡೀತೈತೇನು?

ಕಡಲತಡಿ

ಮೊದಲು ಕೆಳಗಿಳಿಸಿ ಬಿಳಿ-ಕಪ್ಪು ಎರಡೂ ಸೇರಿಸಿ ಕೀಲಿ ಎಣಿಸಿ ಅಣ್ಣ. 61 ಇದ್ದರೆ ಐದು ಸಪ್ತಕ ಪೂರ್ತಿ, ಆ ಜೋಗುಳ ಧಾರಾಳ ಆಗ್ತದೆ. ಕಡಿಮೆ ಇದ್ದರೆ ಎಷ್ಟು ಅಂತ ಇಲ್ಲೇ ಬರೀರಿ, ಎಡಗೈ ಸ್ವಲ್ಪ ಮೇಲೆ ಎತ್ತಿ ಕೂರಿಸಿ ಕೊಡ್ತೇನೆ. ತಿದಿಗೆ ರೆಕ್ಸಿನ್ ಹಾಕಿಸಬೇಡಿ, ಮೆತ್ತನೆ ಚರ್ಮವೇ ಆಗಬೇಕು.

ಧಾರವಾಡದಂವ

ಆದಿತ್ಯವಾರ ಹೋಗಿ ಎಣಿಸ್ತೀನ್ರಿ.